ಸಂಜೆ ಆರು ಗಂಟೆಗೆ ಹೋಗಿ ನೋಡಿ

ಚಿಕ್ಕೋಡಿ ಜಿಲ್ಲೆ ಆಗುತ್ತೋ ಇಲ್ವೋ, ಕಬ್ಬಿನ ಬಿಲ್ ಯಾವಾಗ ಬರುತ್ತೋ, ಅದನ್ನೆಲ್ಲ ನಾಳೆ ಮಾತಾಡೋಣ. ಇವತ್ತಿನ ಮಾತು ನಿಮ್ಮ ಮನೆಯ ಪಡಸಾಲೆಯಲ್ಲಿ ಕೂತಿರುವ ಅವ್ವನದು, ಮುತ್ಯಾನದು.

ಅರವತ್ತಕ್ಕೆ ಅರಳುಮರಳು ಅಂತ ಒಂದು ಗಾದೆ ಇಟ್ಟುಕೊಂಡಿದ್ದೀವಿ. ಬಹಳ ಅನುಕೂಲದ ಗಾದೆ ಅದು. ವಯಸ್ಸಾಯ್ತು, ಮರೀತಾರೆ, ಬಿಡಿ ಅಂತ ಕೈತೊಳೆದುಕೊಳ್ಳಬಹುದು. ಆದರೆ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಏನು ಹೇಳುತ್ತೆ? ಅರವತ್ತು ದಾಟಿದ ಭಾರತೀಯರಲ್ಲಿ ಶೇಕಡಾ 7.4 ರಷ್ಟು ಮಂದಿಗೆ ಡಿಮೆನ್ಶಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ. ಈಗ ಲೆಕ್ಕ ತಿರುಗಿಸಿ ನೋಡಿ. ನೂರರಲ್ಲಿ ತೊಂಬತ್ತೆರಡು ಹಿರಿಯರಿಗೆ ಇದು ಇಲ್ಲ. ವಯಸ್ಸಿನ ದೋಷವೇ ಆಗಿದ್ದರೆ ಎಲ್ಲರಿಗೂ ಬರಬೇಕಿತ್ತಲ್ವಾ? ಇದು ಮೆದುಳಿನ ರೋಗ ಸ್ವಾಮಿ.

ಅಥಣಿ ಕಡೆಯಿಂದ ಒಬ್ಬರು ನನಗೆ ಫೋನ್ ಮಾಡಿದ್ದರು. "ಸರ್, ನಮ್ಮವ್ವ ರಾತ್ರಿ ಎದ್ದು ಹೊಂಟಬಿಡ್ತಾಳ್ರಿ. ಇರೋ ಮನಿಯೊಳಗ ಕುಂತು ಮನಿಗೆ ಹೋಗ್ತೀನಿ ಅಂತಾಳ. ನನ್ನ ಹೇಣ್ತಿ ಮೂರು ವರ್ಷದಿಂದ ನೆಟ್ಟಗ ನಿದ್ದಿ ಮಾಡಿಲ್ರಿ. ಎಲ್ಲಾದ್ರೂ ಒಂದು ಛಲೋ ಆಶ್ರಮ ಇದ್ರ ಹೇಳ್ರಿ. ಆದ್ರ ಮಂದಿ ಏನಂತಾರೋ ಅಂತ ಅಂಜಿಕಿ ಐತ್ರಿ." ನಾನು ಅವರಿಗೆ ಹೇಳಿದ್ದಿಷ್ಟೇ. ಏನಂತಾರೋ ಅನ್ನೋ ಮಂದಿ ರಾತ್ರಿ ಎರಡು ಗಂಟೆಗೆ ನಿಮ್ಮ ಅವ್ವನ ಹಿಂದೆ ಹೊಲದ ದಾರಿಯಲ್ಲಿ ಓಡೋದಿಲ್ಲ, ಓಡುವವರು ನಿಮ್ಮ ಹೆಂಡತಿ.

ಆಶ್ರಮ ಹುಡುಕುವ ಮೊದಲು ಒಂದು ಕೆಲಸ ಇದೆ. ಇದು ನಿಜವಾಗಲೂ ಡಿಮೆನ್ಶಿಯಾನಾ? ಥೈರಾಯ್ಡ್ ತೊಂದರೆ, ಬಿ-12 ಕೊರತೆ, ಖಿನ್ನತೆ, ತಲೆಗೆ ಬಿದ್ದ ಪೆಟ್ಟು, ಇವುಗಳಿಂದಲೂ ಮರೆವು ಬರುತ್ತೆ, ಗೊಂದಲ ಬರುತ್ತೆ. ಅವುಗಳಲ್ಲಿ ಕೆಲವು ಚಿಕಿತ್ಸೆಗೆ ಬಗ್ಗುತ್ತವೆ. ಬೆಳಗಾವಿಯ ಬಿಮ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಒಮ್ಮೆ ತೋರಿಸಿ. ಪರೀಕ್ಷೆಯನ್ನೇ ಮಾಡಿಸದೆ ಆಶ್ರಮಕ್ಕೆ ಬಿಟ್ಟು ಬರುವುದು ಅನ್ಯಾಯ.

ಈಗ ಆಶ್ರಮದ ಮಾತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನಕ್ಕೆ ಆಸ್ಪತ್ರೆ ಅಂದರೆ ಮೊದಲಿಂದಲೂ ಮಿರಜ್, ಸಾಂಗಲಿ, ಕೊಲ್ಲಾಪುರ. ಕಾಗವಾಡಕ್ಕೆ ಮಿರಜ್ ಕೂಗಳತೆ ದೂರ. ಬೆಂಗಳೂರು ಐನೂರು ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರು 2010ರಲ್ಲೇ ಡಿಮೆನ್ಶಿಯಾಗೆಂದೇ ಕೇಂದ್ರ ತೆರೆದರು. ಆದರೆ ಅಥಣಿಯ ರೈತ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಅವ್ವನ ಮುಖ ನೋಡಿ ಬರೋಕಾಗುತ್ತಾ? ಹಾಗಾಗಿ ಮಗ ಪುಣೆಯಲ್ಲಿದ್ದರೆ ಪುಣೆ, ಮಗಳು ಬೆಳಗಾವಿಯಲ್ಲಿದ್ದರೆ ಬೆಳಗಾವಿ. ಸಾಮಾನ್ಯ ವೃದ್ಧಾಶ್ರಮಗಳಲ್ಲಿ ಹಲವು ಕಡೆ ಕೇಳುವ ಮೊದಲ ಪ್ರಶ್ನೆ ಏನು ಗೊತ್ತಾ? "ತಮ್ಮ ಕೆಲಸ ತಾವೇ ಮಾಡ್ಕೊಳ್ತಾರಾ?" ಮಾಡಿಕೊಳ್ಳುವ ಹಾಗಿದ್ದರೆ ಇವರು ಯಾಕೆ ಬರ್ತಿದ್ದರು!

ಗಡಿಯ ಆಚೆ ಈಚೆ ನಾನೂ ಕೆಲವು ಕಡೆ ಹೋಗಿ ನೋಡಿದೆ. ಹೆಸರು ಹೇಳೋದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲವೂ ಚಂದ. ಬಾಗಿಲಲ್ಲಿ ರಂಗೋಲಿ, ಗೋಡೆಗೆ ಸಚಿವರ ಜೊತೆಗಿನ ಫೋಟೋ, ಅಜ್ಜಿಯರ ತಲೆಗೆ ಎಣ್ಣೆ ಹಚ್ಚಿ ಬಾಚಿ ಸಾಲಾಗಿ ಕೂರಿಸಿರುತ್ತಾರೆ. ನಾನು ಹೇಳೋದು, ಸಂಜೆ ಆರು ಗಂಟೆಗೆ ಹೋಗಿ. ಹೇಳದೇ ಹೋಗಿ. ಈ ರೋಗದಲ್ಲಿ ಹೊತ್ತು ಮುಳುಗುವಾಗ ಚಡಪಡಿಕೆ ಹೆಚ್ಚು. ದನ ಮನೆಗೆ ಬಂದವಾ, ಮಕ್ಕಳು ಸಾಲೆಯಿಂದ ಬಂದ್ರಾ ಅಂತ ಮೂವತ್ತು ವರ್ಷದ ಹಿಂದಿನ ಸಂಜೆ ಅವರ ತಲೆಯೊಳಗೆ ನಡೀತಿರುತ್ತೆ. ಆ ಹೊತ್ತಿನಲ್ಲಿ ಅಲ್ಲಿಯ ಕೆಲಸದವರು ಏನು ಮಾಡ್ತಾರೆ? ಟಿವಿ ಸೌಂಡ್ ಜಾಸ್ತಿ ಮಾಡ್ತಾರಾ? ಗದರಿಸ್ತಾರಾ? ಕೈ ಹಿಡಿದು ನಾಲ್ಕು ಸುತ್ತು ಅಂಗಳದಲ್ಲಿ ತಿರುಗಿಸ್ತಾರಾ? ನಿಮಗೆ ಬೇಕಾದ ಉತ್ತರ ಅಲ್ಲಿದೆ.

ಒಂದು ಮನೆಯಲ್ಲಿ ನಾನು ಕಂಡದ್ದು ಕೇಳಿ. ಕನ್ನಡ ಬಲ್ಲ ಸಿಬ್ಬಂದಿ ಇದ್ದಾರೆ ಅಂತ ಹೇಳಿಕೊಂಡ ಮನೆ ಅದು. ರಾಯಬಾಗ ಕಡೆಯ ಒಬ್ಬ ಆಯಿ ಎದ್ದು ಬಾಗಿಲ ಕಡೆ ಹೋಗ್ತಿದ್ದರು. "ಹೊರಕಡಿಗೆ ಹೋಗ್ಬೇಕವಾ, ಹೊರಕಡಿಗೆ" ಅಂತಿದ್ದರು. ಕೆಲಸದ ಹುಡುಗಿ ಬೇರೆ ಕಡೆಯವಳು, ಕಲಿತ ಕನ್ನಡ. "ಹೊರಗಡೆ ಹೋಗಬಾರದು ಅಜ್ಜಿ, ಕೂತ್ಕೊಳ್ಳಿ" ಅಂತ ಪ್ರೀತಿಯಿಂದಲೇ ಕೂರಿಸಿದಳು. ಮತ್ತೆ ಎದ್ದರು, ಮತ್ತೆ ಕೂರಿಸಿದಳು. ಆಮೇಲೆ ಸೀರೆ ಒದ್ದೆ ಆಯ್ತು. ಉತ್ತರ ಕರ್ನಾಟಕದಲ್ಲಿ ಹೊರಕಡಿ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ರಿಜಿಸ್ಟರಿನಲ್ಲಿ ಏನು ಬರೆದರು? ರೋಗಿ ಹೊರಗೆ ಓಡಿಹೋಗಲು ಯತ್ನಿಸುತ್ತಾರೆ, ಬಟ್ಟೆಯಲ್ಲೇ ಮಾಡಿಕೊಳ್ಳುತ್ತಾರೆ. ರೋಗ ಒಂದು ಮೆಟ್ಟಿಲು ಏರಿತು ಕಾಗದದ ಮೇಲೆ. ಮುಂದಿನ ಮೆಟ್ಟಿಲು ಡೈಪರ್. ಅದರ ಮುಂದಿನದು ನಿದ್ದೆ ಮಾತ್ರೆ.

ಅದಕ್ಕೇ ಹೇಳ್ತೀನಿ, ಗಡಿಭಾಗದವರಿಗೆ ಮೊದಲ ಪ್ರಶ್ನೆ ಭಾಷೆಯದು. ನಿಮ್ಮ ಕಡೆ ಎರಡು ಭಾಷೆ ನೀರು ಕುಡಿದಷ್ಟು ಸಲೀಸು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಇನ್ನು ಕೆಲವರದು ಉಲ್ಟಾ. ನಿಮಗೊಂದು ಖುಷಿಯ ಸಂಗತಿ ಹೇಳ್ತೀನಿ. ಡಾಕ್ಟರ್ ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಇಲ್ಲದವರಲ್ಲೂ! ಆದರೆ ತಡವಾಗಿ ಬಂದರೂ ಬಂದದ್ದು ಬಂದದ್ದೇ. ಬಂದ ಮೇಲೆ ಎಷ್ಟೋ ಜನರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಸಡಿಲವಾಗುತ್ತೆ, ಎಳವೆಯ ಭಾಷೆ ಕೊನೆವರೆಗೂ ಉಳಿಯುತ್ತೆ. ನಿಪ್ಪಾಣಿ ಪೇಟೆಯಲ್ಲಿ ಐವತ್ತು ವರ್ಷ ಮರಾಠಿಯಲ್ಲಿ ವ್ಯಾಪಾರ ಮಾಡಿದ ಕಾಕಾ ಈಗ ಬರೀ ಕನ್ನಡದಲ್ಲಿ ನೀರು ಕೇಳಬಹುದು. ಹಾಗಾಗಿ ಮ್ಯಾನೇಜರಿಗೆ ಕನ್ನಡ ಬರುತ್ತಾ ಅಂತ ಕೇಳಬೇಡಿ. ರಾತ್ರಿ ಪಾಳಿಯಲ್ಲಿ ಇರುವವರು ಯಾರು, ಎಷ್ಟು ಮಂದಿಗೆ ಎಷ್ಟು ಜನ, ಅವರಲ್ಲಿ ನಮ್ಮ ಕಡೆಯ ಮಾತು ಬಲ್ಲವರು ಯಾರು ಅಂತ ಕೇಳಿ. ಅವರನ್ನು ಕರೆಸಿ ಅವ್ವನ ಜೊತೆ ಎರಡು ಮಾತಾಡಿಸಿ.

ಮಾತ್ರೆಯ ವಿಷಯ ಬಂತಲ್ಲ, ಅದನ್ನೂ ಮುಗಿಸಿಬಿಡ್ತೀನಿ. ಗಲಾಟೆ ಮಾಡುವ ರೋಗಿಯನ್ನು ಸುಮ್ಮನಿರಿಸುವ ಕೆಲವು ಮನೋರೋಗದ ಔಷಧಿಗಳು ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಕೆಲವೊಮ್ಮೆ ಅವು ಬೇಕಾಗುತ್ತವೆ, ಇಲ್ಲ ಅನ್ನಲ್ಲ. ಯಾವ ಡಾಕ್ಟರ್ ಬರೆದದ್ದು, ಯಾಕೆ, ಎಷ್ಟು ದಿನಕ್ಕೆ? ಈ ಮೂರು ಕೇಳಿ, ಚೀಟಿ ತೋರಿಸಿ ಅನ್ನಿ. ಸಂಸ್ಥೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತಲೂ ಕೇಳಿ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ನೆನಪಿನ ಗಂಭೀರ ತೊಂದರೆಯೂ ಸೇರಿದೆ. ಅದರ ಪ್ರಕಾರ ಸರಪಳಿ ಹಾಕುವಂತಿಲ್ಲ, ಒಂಟಿಯಾಗಿ ಕೂಡಿಹಾಕುವಂತಿಲ್ಲ. ಮಂಚಕ್ಕೆ ಸೀರೆಯಿಂದ ಕಟ್ಟಿದ್ದು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ಊಟದ ಹೊತ್ತಿಗೂ ಒಮ್ಮೆ ಇರಿ. ರೋಗ ಮುಂದುವರಿದಾಗ ನುಂಗುವುದೇ ಕಷ್ಟ. ಹಾಲಲ್ಲಿ ರೊಟ್ಟಿ ಮುರಿದು ಹಾಕಿ, ಮೆತ್ತಗಾದ ಮೇಲೆ ತುತ್ತು ತುತ್ತಾಗಿ ತಿನ್ನಿಸೋಕೆ ಅರ್ಧ ಗಂಟೆ ಬೇಕು. ಐದು ನಿಮಿಷಕ್ಕೆ ತಟ್ಟೆ ಎತ್ತಿದರೆ ತೂಕ ಇಳಿಯದೆ ಇನ್ನೇನು?

ಹೊತ್ತು ಕಳೆಯೋಕೆ ಏನು ಕೊಡ್ತಾರೆ ಅಂತ ನೋಡಿದೆ. ಒಂದು ಕಡೆ ಎಲ್ಲರಿಗೂ ಬಣ್ಣ ತುಂಬುವ ಪುಸ್ತಕ, ಒಳಗೆ ಇಂಗ್ಲಿಷ್ ಅಕ್ಷರಮಾಲೆ, ಸೇಬುಹಣ್ಣಿನ ಚಿತ್ರ. ನಿಪ್ಪಾಣಿಯಲ್ಲಿ ನಲವತ್ತು ವರ್ಷ ಬೀಡಿ ಕಟ್ಟಿದ ಹೆಣ್ಣುಮಗಳಿಗೆ, ಅಥಣಿಯಲ್ಲಿ ಚಪ್ಪಲಿ ಹೊಲಿದ ಕೈಗೆ ಸೇಬುಹಣ್ಣು ಯಾಕ್ರೀ? ಹೆಸರು ಮರೆತರೂ ಕೈಗೆ ಕಲಿತ ಕೆಲಸ ಬಹಳ ಕಾಲ ನೆನಪಿರುತ್ತೆ. ಅವರೆಕಾಳು ಸುಲಿಯೋಕೆ ಕೊಡಿ, ಬಟ್ಟೆ ಮಡಚೋಕೆ ಕೊಡಿ. ಖರ್ಚೇನಿದೆ ಅದಕ್ಕೆ?

ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲು ಮನೆಗೆ ತಂದು ಓದಿ. ಅವ್ವ ಹಾಸಿಗೆ ಹಿಡಿದರೆ ಇಟ್ಟುಕೊಳ್ತಾರಾ, ವಾಪಸ್ ಕಳಿಸ್ತಾರಾ? ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಯಾರು? ಅಡ್ವಾನ್ಸ್ ಹಣ ತಿರುಗಿ ಬರುತ್ತಾ? ಗಡಿ ದಾಟಿದ ಮನೆಯಾದರೆ ದೂರು ಕೊಡಬೇಕಾದ್ದು ಆ ರಾಜ್ಯದ ಅಧಿಕಾರಿಗೆ, ಅದು ನೆನಪಿರಲಿ.

ಇನ್ನೊಂದು ಮಾತು, ಸ್ವಲ್ಪ ಖಾರ ಅನಿಸಬಹುದು. ಮನೆ ನೋಡೋಕೆ ಹೋಗುವ ಕಾರಿನಲ್ಲಿ ಯಾರು ಕೂತಿರ್ತಾರೆ? ಪುಣೆಯಿಂದ ಬಂದ ದೊಡ್ಡ ಮಗ, ಅಳಿಯಂದಿರು, ಊರಿನ ಇಬ್ಬರು ಹಿರಿಯರು. ಮೂರು ವರ್ಷ ತೊಳೆದು ಬಳಿದ ಸೊಸೆ ಮನೆಯಲ್ಲಿ! ಅತ್ತೆಗೆ ಯಾವ ಮಾತಿಗೆ ಸಿಟ್ಟು ಬರುತ್ತೆ, ಯಾವುದಕ್ಕೆ ಸಮಾಧಾನ ಆಗುತ್ತೆ, ಗೊತ್ತಿರೋದು ಅವಳೊಬ್ಬಳಿಗೆ. ಮೊದಲು ಕಾರು ಹತ್ತಬೇಕಾದವಳು ಆ ವೈನಿ. ಅವಳು ಬೇಡ ಅಂದ ಮನೆ ಬೇಡ.

ದುಡ್ಡಿಲ್ಲದವರ ಗತಿ? 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಚಿಕ್ಕೋಡಿ ಉಪವಿಭಾಗಾಧಿಕಾರಿಯ ಕಚೇರಿಗೆ ಅರ್ಜಿ ಹಾಕಿದರೆ ಮಕ್ಕಳಿಂದ ಜೀವನಾಂಶ ಕೊಡಿಸಬಹುದು, ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. ಹಗಲು ರಾತ್ರಿ ಆರೈಕೆ ಮಾಡುವ ಮನೆಯ ಖರ್ಚಿಗೆ ಅದು ಎಲ್ಲಿ ಸಾಲುತ್ತೆ? ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಬಡ ಹಿರಿಯರಿಗಾಗುವ ಒಂದು ಆಶ್ರಮವನ್ನು ಸರ್ಕಾರ ಸ್ಥಾಪಿಸಬಹುದು ಅಂತಲೂ ಅದೇ ಕಾಯ್ದೆ ಹೇಳುತ್ತೆ. ಸ್ಥಾಪಿಸಬಹುದು! ಈ 'ಬಹುದು' ಅನ್ನೋ ಪದದೊಳಗೆ ಎಷ್ಟು ಮುದುಕರು ಕಾಯ್ತಾ ಕೂತಿದ್ದಾರೋ.

ಆದರೆ ಅದೇ ಕಾಯ್ದೆಯಲ್ಲಿ ಬಹಳ ಜನ ಗಮನಿಸದ ಒಂದು ಅಂಶ ಇದೆ. ಹಿರಿಯರು ಅರ್ಜಿ ಕೊಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ನ್ಯಾಯಮಂಡಳಿ ತಾನೇ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಳ್ಳಬಹುದು. ತನ್ನ ಹೆಸರೇ ನೆನಪಿಲ್ಲದ ಮುದುಕಿ ಅರ್ಜಿ ಹೇಗೆ ಬರೀತಾಳೆ? ಹೊಲ ಬರೆಸಿಕೊಂಡು ಬಾಗಿಲಾಚೆ ಹಾಕಿದ್ದು ಕಂಡರೆ ನೆರೆಯವರು, ಆಶಾ ಕಾರ್ಯಕರ್ತೆಯರು 14567ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ ಅದು. ಉಪವಿಭಾಗಾಧಿಕಾರಿಗಳೇ, ನೀವೂ ಈ ಕಾರ್ಯಕ್ರಮ ನೋಡ್ತಿದ್ದರೆ, ಅಂಥ ಒಂದು ಪ್ರಕರಣವನ್ನು ನೀವಾಗಿಯೇ ತೆಗೆದುಕೊಳ್ಳಿ. ಸುದ್ದಿ ಮಾಡೋಕೆ ನಾವಿದ್ದೀವಿ.

ಮನೆ ಗೊತ್ತುಮಾಡಿದವರು ಇವತ್ತು ರಾತ್ರಿಯೇ ಒಂದು ಹಾಳೆ ತಗೊಳ್ಳಿ. ಅವ್ವನನ್ನು ಊರಲ್ಲಿ ಏನಂತ ಕರೀತಾರೆ, ಚಹಾಕ್ಕೆ ಎಷ್ಟು ಸಕ್ಕರೆ, ಯಾವ ದೇವರಿಗೆ ಕೈಮುಗೀತಾಳೆ, ಚಿಂಚಲಿ ಮಾಯಕ್ಕನಿಗೋ ಯಡೂರು ವೀರಭದ್ರನಿಗೋ, ತೀರಿಕೊಂಡ ಮಗನ ಹೆಸರು ಎತ್ತಬಾರದಾ, ಹೊರಕಡಿ ಅಂದರೆ ಏನು. ಎಲ್ಲ ಬರೆದು ಹಾಸಿಗೆಯ ತಲೆದೆಸೆಗೆ ಅಂಟಿಸಿ ಬನ್ನಿ. ಮಿರಜಿಗೋ ಪುಣೆಗೋ ಆದರೆ ಮರಾಠಿಯಲ್ಲೂ ಒಂದು ಪ್ರತಿ ಇರಲಿ.