ಗಾಳಿಯ ಕೋಣೆ, ನೀರಿನ ಕೋಣೆ

(ವಿಜಯನಗರದಲ್ಲಿ ನಡೆದ ಶಾಲಾ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನದ ಉದ್ಘಾಟನಾ ಭಾಷಣ)

ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಗಳಿಂದ ಮಾದರಿಗಳನ್ನು ಹೊತ್ತು ತಂದಿರುವ ಮಕ್ಕಳೇ, ರಾತ್ರಿಯೆಲ್ಲ ಕೂತು ಅವಕ್ಕೆ ಅಂಟು ಹಚ್ಚಿಕೊಟ್ಟ ಅಪ್ಪ ಅಮ್ಮಂದಿರೇ,

ಟೇಪು ಕತ್ತರಿಸುವ ಮೊದಲೇ ಒಳಗೆ ಇಣುಕಿ ಬಂದೆ. ಎಡಗಡೆಯ ಕೋಣೆಗೆ ‘ಗಾಳಿ’ ಅಂತ ಬೋರ್ಡು, ಬಲಗಡೆಯದಕ್ಕೆ ‘ಕುಡಿಯುವ ನೀರು’ ಅಂತ. ನಡುವೆ ಗೋಡೆ. ಏರ್ಪಾಡು ಮಾಡಿದವರನ್ನು ದೂರುತ್ತಿಲ್ಲ. ನಮ್ಮ ಸಂಸತ್ತೂ ಹೀಗೇ ಮಾಡಿದೆ: ನೀರಿಗೆ 1974ರ ಕಾಯ್ದೆ, ಗಾಳಿಗೆ 1981ರ ಕಾಯ್ದೆ. ಆದರೆ ಬೆಂಗಳೂರಿನ ಈ ಪಡುವಣ ಭಾಗದಲ್ಲಿ ಆ ಗೋಡೆ ನಿಲ್ಲುವುದಿಲ್ಲ. ಅದನ್ನು ಹೇಳುವುದಕ್ಕೇ ನಾನು ಇವತ್ತು ಮೈಕಿನ ಮುಂದೆ ನಿಂತಿರುವುದು.

ವೃಷಭಾವತಿಯಿಂದಲೇ ಶುರು ಮಾಡೋಣ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದವಳು ಎಂಬ ನಂಬಿಕೆ ಇರುವ ಈ ನದಿ, ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿಯ ಹತ್ತಿರ ಹಾದು, ನಾಯಂಡಹಳ್ಳಿ, ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ ಹೋಗುತ್ತದೆ. ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. ವಾಯುಪುತ್ರನ ಗುಡಿ ನೀರಿನ ದಡದಲ್ಲಿರುವುದನ್ನು ನೋಡಿದಾಗಲೆಲ್ಲ, ಜಾಗ ಆರಿಸಿದವರಿಗೆ ರಸಾಯನಶಾಸ್ತ್ರ ಗೊತ್ತಿತ್ತೇನೋ ಅನ್ನಿಸುತ್ತದೆ.

ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ತೆರೆದು ಕೂತವರಿಗೆ ಆ ವಾಸನೆಯನ್ನು ನಾನು ವರ್ಣಿಸಬೇಕಾಗಿಲ್ಲ. ಅದು ಬರುವುದು ಹೇಗೆ? ನಮ್ಮ ವಾತಾವರಣದ ಹಾಗೆ ನೀರಿನಲ್ಲೂ ಆಮ್ಲಜನಕ ಇದೆ, ಆದರೆ ಬಹಳ ಕಡಿಮೆ. ನಮ್ಮೂರಿನ ಹವಾಮಾನದಲ್ಲಿ ಒಂದು ಲೀಟರು ನೀರಿಗೆ ಏಳೆಂಟು ಮಿಲಿಗ್ರಾಂ ಕರಗಿದ್ದರೆ ಅದೇ ಹೆಚ್ಚು. ನಮ್ಮ ಬಚ್ಚಲು, ಅಡುಗೆಮನೆ, ಪಾಯಿಖಾನೆಗಳ ನೀರು ಸೇರುತ್ತಲೇ ಅದರ ಕೊಳೆಯನ್ನು ಅರಗಿಸಿಕೊಳ್ಳುವ ಸೂಕ್ಷ್ಮಜೀವಿಗಳು ಅಷ್ಟನ್ನೂ ಉಸಿರಾಡಿ ಮುಗಿಸುತ್ತವೆ. ಆಮ್ಲಜನಕ ಖಾಲಿಯಾದಾಗ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗಳ ಸರದಿ. ಅವು ನೀರಿನಲ್ಲಿರುವ ಸಲ್ಫೇಟಿನಿಂದ ಉಸಿರಾಡುತ್ತವೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದೇ. ಮೋರಿಗೆ ಬಿಟ್ಟ ನೀರು ಕೆಂಗೇರಿಯ ಹೊತ್ತಿಗೆ ಗಾಳಿಯಾಗಿ ಮೂಗಿಗೆ ಬರುತ್ತದೆ. ಈಗ ಹೇಳಿ, ಈ ಅನಿಲವನ್ನು ಯಾವ ಕೋಣೆಯಲ್ಲಿ ಇಡುತ್ತೀರಿ?

ಈ ಅನಿಲದ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದು ಬೆಳ್ಳಿಯನ್ನು, ತಾಮ್ರವನ್ನು ಕಪ್ಪಾಗಿಸುತ್ತದೆ. ಒಳಚರಂಡಿ ಕೊಳವೆಯ ಮೇಲ್ಭಾಗದ ತೇವದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸಿ ಕಾಂಕ್ರೀಟನ್ನೇ ತಿನ್ನಿಸುತ್ತವೆ. ಎಲ್ಲಕ್ಕಿಂತ ಕ್ರೂರವಾದ ಗುಣ ಇನ್ನೊಂದಿದೆ. ಅತಿ ಕಡಿಮೆ ಪ್ರಮಾಣದಲ್ಲಿದ್ದಾಗ ಮೂಗು ಅದನ್ನು ತಕ್ಷಣ ಗುರುತಿಸುತ್ತದೆ; ಹತ್ತು ಲಕ್ಷಕ್ಕೆ ನೂರು ಭಾಗದ ಹತ್ತಿರ ಬಂದಾಗ ವಾಸನೆ ಗ್ರಹಿಸುವ ಶಕ್ತಿಯೇ ಸತ್ತುಹೋಗುತ್ತದೆ. ಮ್ಯಾನ್‌ಹೋಲಿಗೆ ಇಳಿದವನಿಗೆ ‘ವಾಸನೆ ಹೋಯಿತು’ ಅನ್ನಿಸುವ ಕ್ಷಣವೇ ಅಪಾಯದ ಕ್ಷಣ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಹಾಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆದರೂ ಇಳಿಸುತ್ತಾರೆ, ಸಾಯಿಸುತ್ತಾರೆ. ಇದಕ್ಕೆ ಕಾರಣ ರಸಾಯನಶಾಸ್ತ್ರವಲ್ಲ, ನಾವು.

ಇನ್ನೊಂದು ತಮಾಷೆ ನೋಡಿ. 2020ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿಎಸ್-6 ಇಂಧನ ಬಂತು. ಡೀಸೆಲ್ಲಿನಲ್ಲಿ ಗಂಧಕದ ಮಿತಿಯನ್ನು ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಸಿದರು. ಅದಕ್ಕಾಗಿ ತೈಲ ಶುದ್ಧೀಕರಣ ಕಾರ್ಖಾನೆಗಳು ಸುರಿದ ಹಣ ಸಾವಿರಾರು ಕೋಟಿ. ಒಳ್ಳೆಯ ಕೆಲಸವೇ. ಆದರೆ ಬಸ್ಸಿನಿಂದ ತೆಗೆದ ಗಂಧಕ, ಅದೇ ಬಸ್ಸು ಓಡುವ ರಸ್ತೆಯ ಪಕ್ಕದ ಕಾಲುವೆಯಿಂದ ಏಳುತ್ತಲೇ ಇದೆ.

ಗಂಧಕ ಸಾಕು, ಸಾರಜನಕಕ್ಕೆ ಬರೋಣ. ಗಾಳಿಯಲ್ಲಿ ಶೇಕಡ 78 ಭಾಗ ಅದೇ. ಸ್ವಭಾವತಃ ಸಾಧು, ಯಾರ ತಂಟೆಗೂ ಹೋಗದು. ಆದರೆ ಎಂಜಿನ್ನಿನ ಸಿಲಿಂಡರಿನೊಳಗಿನ ವಿಪರೀತ ಬಿಸಿಯಲ್ಲಿ ಆಮ್ಲಜನಕದ ಜತೆ ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಗಮನಿಸಿ, ಇದು ಪೆಟ್ರೋಲಿನಲ್ಲಿದ್ದ ಕೊಳೆಯಲ್ಲ. ಎಂಜಿನ್ನು ಒಳಗೆಳೆದುಕೊಂಡ ನಮ್ಮದೇ ಗಾಳಿ. ಹೊರಗೆ ಬಂದ ಮೇಲೆ ಅದು ನೈಟ್ರೋಜನ್ ಡೈಆಕ್ಸೈಡ್ ಆಗಿ, ಮಧ್ಯಾಹ್ನದ ಬಿಸಿಲಿನಲ್ಲಿ ಒಡೆದು, ಓಝೋನ್ ಹುಟ್ಟಿಸುತ್ತದೆ. ಮೇಲೆ ಆಕಾಶದಲ್ಲಿ ನಮ್ಮನ್ನು ಕಾಯುವ ಓಝೋನೇ ನೆಲಮಟ್ಟದಲ್ಲಿ ಶ್ವಾಸಕೋಶ ಉರಿಸುತ್ತದೆ. ವಾಹನ ಜಾಸ್ತಿ ಇರುವ ರಸ್ತೆಯ ಅಂಚಿನಲ್ಲಿ ಹೊಸ ನೈಟ್ರಿಕ್ ಆಕ್ಸೈಡ್ ಓಝೋನನ್ನು ನುಂಗಿಹಾಕುತ್ತದೆ. ಹಾಗಾಗಿ ಒಳಗಿನ ಕ್ರಾಸುಗಳ ಮರದ ನೆರಳಿನಲ್ಲಿ ಓಝೋನ್ ಹೆಚ್ಚಿರಬಹುದು. ‘ನಮ್ಮ ರಸ್ತೆ ಶಾಂತವಾಗಿದೆ’ ಎಂದು ಬೀಗುವವರಿಗೆ ಇದನ್ನು ಹೇಳುತ್ತಿದ್ದೇನೆ.

ಉಳಿದ ಸಾರಜನಕ ಆಕ್ಸೈಡು ನೈಟ್ರಿಕ್ ಆಮ್ಲವಾಗಿ ಮಳೆಯಲ್ಲಿ ನೆಲಕ್ಕಿಳಿಯುತ್ತದೆ. ಆದರೆ ನಮ್ಮ ಬೋರ್‌ವೆಲ್ಲುಗಳ ನೈಟ್ರೇಟಿಗೆ ಮುಖ್ಯ ಕಾರಣ ಮಳೆಯಲ್ಲ, ಸೋರುವ ಚರಂಡಿ ಮತ್ತು ಪಾಯಿಖಾನೆಯ ಪಿಟ್‌ಗಳು. ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಹಸುಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳಬಹುದು. ತಾಯಂದಿರು ದಯವಿಟ್ಟು ಕೇಳಿಸಿಕೊಳ್ಳಿ: ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ.

ನಿಮ್ಮ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಸುಣ್ಣವೂ ಗಾಳಿಯ ಕತೆಯೇ. ಲಾಲ್‌ಬಾಗಿನಲ್ಲಿ ಕಾಣುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ನಮ್ಮ ನೆಲದಡಿ ಇರುವುದೂ ಅದೇ ಕುಲದ ಕಲ್ಲು, ಸುಣ್ಣಕಲ್ಲಲ್ಲ. ಮಳೆನೀರು ವಾತಾವರಣದ, ಮಣ್ಣಿನ ಇಂಗಾಲಾಮ್ಲವನ್ನು ಕರಗಿಸಿಕೊಂಡು ಹುಳಿಯಾಗಿ, ಆ ಕಲ್ಲಿನಿಂದ ಕ್ಯಾಲ್ಸಿಯಂ ಬಿಡಿಸಿಕೊಂಡು ಬೋರ್‌ವೆಲ್ಲಿಗೆ ಇಳಿಯುತ್ತದೆ. ಬಿಸಿ ಮಾಡಿದಾಗ ಅರ್ಧದಷ್ಟು ಇಂಗಾಲ ಅನಿಲವಾಗಿ ಗಾಳಿಗೆ ಹಿಂದಿರುಗುತ್ತದೆ, ಮಿಕ್ಕರ್ಧ ನಿಮ್ಮ ಕಾಯಿಲ್‌ಗೆ ಅಂಟಿಕೊಳ್ಳುತ್ತದೆ.

ಈಗ ಕಾವೇರಿ ನೀರು. ಒಂದು ಕಾಲಕ್ಕೆ ಈ ಕಡೆಯ ಮನೆಗಳಿಗೆ ಬರುತ್ತಿದ್ದದ್ದು ಟಿ.ಜಿ. ಹಳ್ಳಿ ನೀರು. ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ 1933ರಲ್ಲಿ ಮುಗಿದ ಜಲಾಶಯ ಅದು. ಆ ನೀರು ಕೆಟ್ಟಿತು, ಪೂರೈಕೆ ನಿಂತಿತು. ಈಗ ಮಳವಳ್ಳಿಯ ಹತ್ತಿರದ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಆಗಿ, ಸುಮಾರು 100 ಕಿಲೋಮೀಟರ್ ದೂರದಿಂದ ನೀರು ಬೆಟ್ಟ ಹತ್ತಿದ ಹಾಗೆ ಹತ್ತಿ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಶುರುವಾಯಿತು: ದಿನಕ್ಕೆ 77.5 ಕೋಟಿ ಲೀಟರು. ಅದೇ ವರ್ಷದ ಮಾರ್ಚಿನಲ್ಲಿ ಟ್ಯಾಂಕರಿಗೆ ಕಾದವರಿಗೆ ಇದರ ಬೆಲೆ ಗೊತ್ತು.

ಇಷ್ಟು ಕಷ್ಟಪಟ್ಟು ತಂದ ನೀರನ್ನು ನಾವು ಏನು ಮಾಡುತ್ತೇವೆ? ಆರ್‌ಒ ಯಂತ್ರಕ್ಕೆ ಬಿಡುತ್ತೇವೆ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಈ ಯಂತ್ರ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತು. ಕಾವೇರಿ ನೀರಿನಲ್ಲಿ ಲವಣ ಅದಕ್ಕಿಂತ ಬಹಳ ಕಡಿಮೆ. ಆದರೂ ಒಂದು ಲೀಟರು ಕುಡಿಯಲು ಎರಡು ಮೂರು ಲೀಟರು ಸಿಂಕಿಗೆ, ಸಿಂಕಿನಿಂದ ವೃಷಭಾವತಿಗೆ. ಬೋರ್ ನೀರು ಕುಡಿಯುವವರ ಮಾತು ಬೇರೆ. ಅವರಿಗೆ ಆರ್‌ಒ ಬೇಕಾದೀತು. ನಲ್ಲಿಯಲ್ಲಿ ತುಸು ಕ್ಲೋರಿನ್ ವಾಸನೆ ಬಂದರೆ ಮುಖ ಸಿಂಡರಿಸಬೇಡಿ. ಕೊಳವೆ ದಾರಿಯುದ್ದಕ್ಕೂ ಕಾವಲು ಉಳಿದಿದೆ ಎಂಬುದರ ಗುರುತು ಅದು. ಆ ವಾಸನೆ ಪೂರ್ತಿ ಇಲ್ಲದ ದಿನ ನಾನು ಹೆಚ್ಚು ಅನುಮಾನಪಡುತ್ತೇನೆ.

ಮಕ್ಕಳಿಗೆ ಒಂದು ಕೆಲಸ ಹಚ್ಚಿ ಮುಗಿಸುತ್ತೇನೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರ ಇಲ್ಲೇ ಸಾಣೆಗುರುವನಹಳ್ಳಿಯಲ್ಲಿದೆ. ಅದರ ಅಂಕಿ ಯಾರು ಬೇಕಾದರೂ ನೋಡಬಹುದು. ಪಿಎಂ 2.5 ಧೂಳಿಗೆ ನಮ್ಮ ದೇಶದ ವಾರ್ಷಿಕ ಮಿತಿ 40, ವಿಶ್ವ ಆರೋಗ್ಯ ಸಂಸ್ಥೆಯದು 5. ಎರಡೂ ಗೆರೆ ಎಳೆದು, ದಿನದ ಅಂಕಿಯನ್ನು ಶಾಲೆಯ ಬೋರ್ಡಿನಲ್ಲಿ ಬರೆಯಿರಿ. ಜತೆಗೆ ಉಜ್ಜಿ ಹೊಳಪಾಗಿಸಿದ ಹಳೆಯ ಬೆಳ್ಳಿಯ ಚೂರುಗಳನ್ನು ತೆಗೆದುಕೊಂಡು ಒಂದನ್ನು ನಾಯಂಡಹಳ್ಳಿಯ ಗೆಳೆಯರ ಮನೆಯ ಕಿಟಕಿಯಲ್ಲಿ, ಇನ್ನೊಂದನ್ನು ರಾಜಾಜಿನಗರದಲ್ಲಿ ತೂಗುಹಾಕಿ. ಯಾವುದು ಮೊದಲು ಕಪ್ಪಾಯಿತು, ಎಷ್ಟು ವಾರದಲ್ಲಿ, ಬರೆದಿಡಿ.

ಮನೆಯ ಬೋರ್ ನೀರು ಬಾಟಲಿಯಲ್ಲಿ ತಂದಿರುವ ದೊಡ್ಡವರು ಪರೀಕ್ಷೆಯ ಮೇಜಿನ ಹತ್ತಿರ ಸಾಲಾಗಿ ಬನ್ನಿ. ಬಾಟಲಿಯ ಮೇಲೆ ಬಡಾವಣೆಯ ಹೆಸರು ಬರೆಯುವುದನ್ನು ಮರೆಯಬೇಡಿ. ಪ್ರದರ್ಶನ ಉದ್ಘಾಟನೆಯಾಗಿದೆ.