ಲೋಟದ ಕೆಂಪು ನೀರು

ಮಳೆಗಾಲದಲ್ಲಿ ಭಾಗಮಂಡಲಕ್ಕೆ ಹೋದವರು ನೋಡಿರುತ್ತೀರಿ, ಕಾವೇರಿ ಆಗ ಹಾಲು ಹಾಕಿದ ಕಾಫಿಯ ಬಣ್ಣ. ಹೊಳೆಗೆ ಮಾತ್ರ ಇಳಿಯಬೇಡಿ ಮಕ್ಕಳೇ! ನಮಗೆ ಬೇಕಾದದ್ದು ಅಂಗಳದಲ್ಲಿ ಹರಿಯುವ ಕೆಂಪು ನೀರು, ಒಂದೇ ಒಂದು ಗಾಜಿನ ಲೋಟ. ಕಿಟಕಿಯ ಹತ್ತಿರ ಇಟ್ಟು ಅಲುಗಿಸದೆ ನೋಡಿ. ಮರಳು ಆಗಲೇ ತಳ ಸೇರಿತು. ನುಣ್ಣನೆಯ ಮಣ್ಣು ಇನ್ನೂ ನೀರಲ್ಲೇ ಇದೆ. ಲೋಟ ಅಲ್ಲೇ ಇರಲಿ.

ಈಗ ಹಾಕಿ ಆಡುವ ಒಬ್ಬ ಅಣ್ಣನನ್ನು ನೆನೆಸಿಕೊಳ್ಳಿ. ನಮ್ಮ ಕೊಡಗಿನಲ್ಲಿ ಅಂಥವರಿಗೇನು ಕೊರತೆ! ಬೆಳಿಗ್ಗೆ ಎದ್ದರೆ ಅವನ ಸೊಂಟ ಹಲಗೆಯ ಹಾಗೆ ಬಿಗಿದಿರುತ್ತದೆ. ಬಗ್ಗಿ ಶೂ ಲೇಸು ಕಟ್ಟಲಾಗದು. ವಿಚಿತ್ರವೆಂದರೆ, ಮಲಗಿದ್ದರೆ ನೋವು ಹೆಚ್ಚು, ಮೈದಾನದಲ್ಲಿ ನಾಲ್ಕು ಸುತ್ತು ಓಡಿದರೆ ಹಗುರ.

ನಮ್ಮ ಮೈಯಲ್ಲಿ ರೋಗಾಣುಗಳನ್ನು ಓಡಿಸುವ ಕಾವಲು ಪಡೆಯೊಂದಿದೆ. ತೋಟ ಕಾಯುವ ನಾಯಿ ಮನೆಯವರಿಗೇ ಬಾಯಿ ಹಾಕಿದ ಹಾಗೆ, ಆ ಪಡೆ ಇವನ ಬೆನ್ನುಮೂಳೆಯ ಕೀಲುಗಳ ಮೇಲೇ ಎರಗಿದೆ. ಅಲ್ಲಿ ಉರಿಯೂತ ಎದ್ದಿದೆ. ಕಾಯಿಲೆಯ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬಾಯಿಪಾಠ ಮಾಡಬೇಡಿ, ನನಗೇ ನಾಲಗೆ ತೊಡರುತ್ತದೆ.

ಬೆನ್ನಿನೊಳಗಿನ ಉರಿ ಹೊರಗಿನಿಂದ ಕಾಣುವುದು ಹೇಗೆ? ಅದಕ್ಕೇ ರಕ್ತದ ಪರೀಕ್ಷೆ. ಹೆಪ್ಪುಗಟ್ಟದ ಹಾಗೆ ಮಾಡಿದ ರಕ್ತವನ್ನು ತೆಳ್ಳನೆಯ ಗಾಜಿನ ಕೊಳವೆಯಲ್ಲಿ ತುಂಬಿ ನೆಟ್ಟಗೆ ನಿಲ್ಲಿಸುತ್ತಾರೆ. ಒಂದು ಗಂಟೆ ಬಿಟ್ಟು, ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಇಳಿದಿವೆ ಎಂದು ಅಳೆಯುತ್ತಾರೆ. ನಮ್ಮ ಲೋಟದ ಆಟವೇ, ಅಲ್ಲವೇ? ಉರಿಯೂತ ಇದ್ದಾಗ ರಕ್ತದಲ್ಲಿ ಕೆಲವು ಪ್ರೋಟೀನುಗಳು ಹೆಚ್ಚುತ್ತವೆ. ಆಗ ಕೆಂಪು ಕಣಗಳು ಅಕ್ಕಿರೊಟ್ಟಿ ಅಡುಕಿದ ಹಾಗೆ ಒಂದರ ಮೇಲೊಂದು ಕೂರುತ್ತವೆ. ಬಿಡಿ ಕಣ ಮಣ್ಣಿನಂತೆ ನಿಧಾನ, ಅಡುಕಿದ್ದು ಮರಳಿನಂತೆ ಬೇಗ. ಸ್ವೀಡನ್ನಿನ ರಾಬಿನ್ ಫಾರೇಯಸ್ 1918ರಲ್ಲಿ ಈ ಇಳಿತದ ಬಗ್ಗೆ ಬರೆದರು. ಇಷ್ಟು ಸರಳವಾದ ಪರೀಕ್ಷೆ ಇಂದಿಗೂ ನಡೆಯುತ್ತಿದೆ ಎನ್ನುವುದೇ ನನಗೆ ಖುಷಿ.

ಇನ್ನೊಂದು ಗುರುತು ಸಿ.ಆರ್.ಪಿ. ಇದು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿಕ್ಕಿದ ಪ್ರೋಟೀನು. ಮೈಯಲ್ಲಿ ಎಲ್ಲೇ ಉರಿ ಎದ್ದರೂ ಸಾಮಾನ್ಯವಾಗಿ ಲಿವರ್ ಇದನ್ನು ರಕ್ತಕ್ಕೆ ಬಿಡುತ್ತದೆ. ಬೆಟ್ಟದ ಮೇಲಿಂದ ನೋಡಿದರೆ ತೋಟದ ನಡುವೆ ಹೊಗೆ ಏಳುವುದು ಕಾಣುತ್ತದಲ್ಲ, ಹಾಗೆ. ಒಲೆ ಉರಿಯುತ್ತಿದೆ ಎಂದು ಗೊತ್ತಾಗುತ್ತದೆ. ಒಲೆಯ ಮೇಲೆ ಕಡಂಬುಟ್ಟೋ ಸ್ನಾನದ ನೀರೋ, ಹೊಗೆ ಹೇಳುವುದಿಲ್ಲ. ಸೋಂಕು ತಗಲಿದರೂ ಸಿ.ಆರ್.ಪಿ. ಏರಬಹುದು.

ವೈದ್ಯರಿಗೆ ಈ ಹೊಗೆಯಿಂದ ಇನ್ನೊಂದು ಉಪಯೋಗವಿದೆ. ಉರಿಗೆ ಸೌದೆ ತುಂಬುವ ಟಿ.ಎನ್.ಎಫ್. ಎಂಬ ವಸ್ತುವನ್ನು ತಡೆಯುವ ಚುಚ್ಚುಮದ್ದುಗಳಿವೆ. ದುಬಾರಿ ಮದ್ದು, ಎಲ್ಲರಿಗೂ ಒಂದೇ ರೀತಿ ಹಿಡಿಯುವುದಿಲ್ಲ. ಮದ್ದಿಗೆ ಮೊದಲೇ ಸಿ.ಆರ್.ಪಿ. ಹೆಚ್ಚಿದ್ದವರಿಗೆ, ವಯಸ್ಸು ಚಿಕ್ಕದಿದ್ದವರಿಗೆ ಅದು ಚೆನ್ನಾಗಿ ಹಿಡಿಯುವ ಸಂಭವ ಹೆಚ್ಚು ಎಂದು ಕಂಡುಕೊಂಡಿದ್ದಾರೆ. ಯೋಚಿಸಿ, ನೀರು ಎರಚಿದರೆ ಬೆಂಕಿ ಆರುತ್ತದೆ, ಬೆಂಕಿಯೇ ಇಲ್ಲದಿದ್ದರೆ ಆರುವುದೇನು?

ಆದರೂ ಇದು ಅಂದಾಜು ಅಷ್ಟೇ. ಒಣ ಸೌದೆ ಹೊಗೆಯಿಲ್ಲದೆಯೂ ಉರಿಯುತ್ತದೆ. ಸಿ.ಆರ್.ಪಿ. ಕಡಿಮೆ ಇದ್ದೂ ಮದ್ದು ಹಿಡಿದವರಿದ್ದಾರೆ, ಹೆಚ್ಚಿದ್ದೂ ಹಿಡಿಯದವರಿದ್ದಾರೆ. ಇದಕ್ಕಿಂತ ಒಳ್ಳೆಯ ಗುರುತು ರಕ್ತದಲ್ಲಿ ಸಿಗಬಹುದೇ ಎಂದು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ.

ಅದಿರಲಿ, ನಿಮ್ಮ ಲೋಟ ಏನಾಯಿತು? ಮೇಲೆ ಬೆರಳಗಲ ನೀರು ತಿಳಿಯಾಗಿದೆಯೇ? ಅಲ್ಲಿಗೊಂದು ಗೆರೆ ಎಳೆದು, ಗಡಿಯಾರ ನೋಡಿ ಹೊತ್ತು ಬರೆದಿಡಿ.