ಸಂಬಳದ ಚೀಟಿಯನ್ನು ಓದಿ ನೋಡಿ

(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ವಿಷಯವಾಗಿ ನಿಮ್ಮೊಡನೆ ಮಾತನಾಡುವುದು ನನ್ನ ವಾಡಿಕೆ. ಈ ದಿನ ಸಂಬಳದ ಮೇಲಿನ ತೆರಿಗೆಯ ವಿಷಯವನ್ನು ಎತ್ತಿಕೊಂಡಿದ್ದೇನೆ. "ಬೇಸಾಯಗಾರರಿಗೆ ಸಂಬಳದ ಮಾತು ಏಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಈಗ ಒಬ್ಬ ಮಗನೋ ಮಗಳೋ ಪೀಣ್ಯದಲ್ಲಿ, ಬಿಡದಿಯಲ್ಲಿ, ಮೈಸೂರಿನಲ್ಲಿ ಕಾರ್ಖಾನೆಗೆ ಹೋಗಿ ದುಡಿಯುತ್ತಿದ್ದಾರೆ. ಕೊಳವೆ ಬಾವಿಗೆ, ಮದುವೆಗೆ, ಸೊಸೈಟಿಯ ಸಾಲಕ್ಕೆ ಆ ಹಣವೇ ಊರಿಗೆ ಬರುತ್ತದೆ. ಹೊಲದ ಲೆಕ್ಕವನ್ನು ಕಾಳು ಕಾಳಾಗಿ ಇಡುವ ನಾವು ಸಂಬಳದ ಚೀಟಿಯನ್ನು ಒಮ್ಮೆಯೂ ಓದದೆ ಇರುವುದು ಸರಿಯಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕೋಣ. ಬೇಸಾಯದ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ನಮ್ಮ ಸಂವಿಧಾನವು ರಾಜ್ಯಗಳಿಗೆ ಬಿಟ್ಟಿದೆ. ಆದಕಾರಣ ಕೇಂದ್ರ ಸರ್ಕಾರದ ಆದಾಯ ತೆರಿಗೆ ಅದಕ್ಕೆ ಬೀಳುವುದಿಲ್ಲ. ಆದರೆ ರೈತನ ಮಗನೆಂಬ ಕಾರಣದಿಂದ ಸಂಬಳಕ್ಕೆ ಈ ವಿನಾಯಿತಿ ದೊರೆಯದು. ಇನ್ನೊಂದು ಮಾತು. ಮಗನ ಹೆಸರಿನ ಜಮೀನಿನಿಂದ ವರ್ಷಕ್ಕೆ 5,000 ರೂಪಾಯಿಗಿಂತ ಹೆಚ್ಚು ನಿವ್ವಳ ಆದಾಯವಿದ್ದು, ಅವನ ಬೇರೆ ಆದಾಯವೂ ತೆರಿಗೆಯ ಮೊದಲ ಮಿತಿಯನ್ನು ದಾಟಿದ್ದರೆ, ತೆರಿಗೆಯ ದರವನ್ನು ಗೊತ್ತುಮಾಡುವುದಕ್ಕಾಗಿ ಮಾತ್ರ ಎರಡನ್ನೂ ಕೂಡಿಸುತ್ತಾರೆ. ಆದ್ದರಿಂದ ಬೇಸಾಯದ ಆದಾಯವನ್ನು ಮರೆಮಾಡದೆ ತೋರಿಸುವುದು ಕ್ಷೇಮ.

ಇನ್ನು ತೆರಿಗೆ ಎಷ್ಟು ಎಂಬುದನ್ನು ನೋಡೋಣ. 2025ರ ಬಜೆಟ್ಟಿನಲ್ಲಿ 2025-26ನೇ ವರ್ಷಕ್ಕೆ ಗೊತ್ತಾದ ಹೊಸ ಪದ್ಧತಿಯಂತೆ, ಸಂಬಳದ ಒಟ್ಟು ಮೊತ್ತದಿಂದ ಮೊದಲು 75,000 ರೂಪಾಯಿಯನ್ನು ಕಳೆಯುತ್ತಾರೆ. ಇದಕ್ಕೆ ರಶೀದಿ ಏನೂ ಬೇಡ. ಉಳಿದುದರಲ್ಲಿ 4 ಲಕ್ಷದವರೆಗೆ ತೆರಿಗೆಯಿಲ್ಲ. 4ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇಕಡ 5, 8ರಿಂದ 12 ಲಕ್ಷದವರೆಗಿನ ಭಾಗಕ್ಕೆ ಶೇಕಡ 10, ಹೀಗೆ ಮೇಲಕ್ಕೆ ಹೋಗುತ್ತದೆ. 75,000 ಕಳೆದ ಮೇಲೆ ಆದಾಯ 12 ಲಕ್ಷವನ್ನು ಮೀರದಿದ್ದರೆ ಆ ತೆರಿಗೆಯಷ್ಟೂ ರಿಯಾಯಿತಿಯಾಗಿ ಬಿಟ್ಟುಹೋಗುತ್ತದೆ. ಅಂದರೆ ಬೇರೆ ಆದಾಯವಿಲ್ಲದೆ ವರ್ಷಕ್ಕೆ 12,75,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ತೆರಿಗೆ ಬಾರದು.

ಹಳೆಯ ಪದ್ಧತಿಯೂ ಒಂದಿದೆ. ಅದರಲ್ಲಿ ಮನೆ ಬಾಡಿಗೆಯ ಭತ್ಯೆಗೆ ವಿನಾಯಿತಿಯುಂಟು. ಜೀವವಿಮೆ, ಭವಿಷ್ಯನಿಧಿ ಮುಂತಾದುವಕ್ಕೆ ಕಟ್ಟಿದ ಹಣದಲ್ಲಿ 1,50,000 ರೂಪಾಯಿವರೆಗೆ ಕಳೆಯಲು ಅವಕಾಶವುಂಟು. ಹೊಸ ಪದ್ಧತಿಯಲ್ಲಿ ಇವೆರಡೂ ಇಲ್ಲ. 2023-24ನೇ ವರ್ಷದಿಂದ, ತಾನಾಗಿ ಕೇಳಿ ಹಳೆಯದನ್ನು ಆರಿಸಿಕೊಳ್ಳದವರೆಲ್ಲರಿಗೂ ಹೊಸ ಪದ್ಧತಿಯೇ ಅನ್ವಯಿಸುತ್ತದೆ. ಆದ್ದರಿಂದ "ಮಗನಿಗೆ ತೆರಿಗೆ ಉಳಿಯುತ್ತದೆ, ಪಾಲಿಸಿ ಮಾಡಿಸಿ" ಎಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ, ಮಗನು ಯಾವ ಪದ್ಧತಿಯಲ್ಲಿದ್ದಾನೆಂದು ಮೊದಲು ಕೇಳಿಕೊಳ್ಳಿ. ವಿಮೆ ಒಳ್ಳೆಯದೇ, ಆದರೆ ಇಲ್ಲದ ತೆರಿಗೆಯನ್ನು ಉಳಿಸುವುದಕ್ಕಾಗಿ ಯಾರೂ ಕಂತು ಕಟ್ಟಬೇಕಾಗಿಲ್ಲ.

ಸಂಬಳವೆಂದರೆ ಕೈಗೆ ಬರುವ ನಗದು ಮಾತ್ರವಲ್ಲ. ಮಾಲೀಕರು ಕೊಡುವ ಸೌಲಭ್ಯಗಳಿಗೂ ಕಾನೂನು ಬೆಲೆ ಕಟ್ಟುತ್ತದೆ. ಬಾಡಿಗೆಯಿಲ್ಲದೆ ಮನೆ ಕೊಟ್ಟರೆ ಅದರ ಬೆಲೆಯನ್ನು ಸಂಬಳಕ್ಕೆ ಸೇರಿಸುತ್ತಾರೆ. ಮನೆಯು ಮಾಲೀಕರ ಸ್ವಂತದ್ದಾದರೆ, 2023ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, ಬೆಂಗಳೂರಿನಂಥ ದೊಡ್ಡ ನಗರದಲ್ಲಿ ಸಂಬಳದ ಶೇಕಡ 10ರಷ್ಟು, ಸಣ್ಣ ಊರುಗಳಲ್ಲಿ ಶೇಕಡ 5ರಷ್ಟು ಬೆಲೆ ಹಿಡಿಯುತ್ತಾರೆ. ಆದರೆ ಮನೆಯಿಂದ ಕಾರ್ಖಾನೆಗೆ ಕರೆದೊಯ್ಯುವ ಕಂಪನಿಯ ಬಸ್ಸನ್ನು ಆದಾಯವೆಂದು ಎಣಿಸುವುದಿಲ್ಲ. ಕೆಲಸ ಬಿಡುವಾಗ ಕಾಯಿದೆಯಂತೆ ಬರುವ ಗ್ರಾಚ್ಯುಯಿಟಿಗೆ 20 ಲಕ್ಷದವರೆಗೆ ತೆರಿಗೆಯಿಲ್ಲ; ಈ ಮಿತಿ 2018ರಲ್ಲಿ ಏರಿತು. ಖಾಸಗಿ ನೌಕರರು ನಿವೃತ್ತಿಯ ಕಾಲದಲ್ಲಿ ಪಡೆಯುವ ರಜೆ ಹಣದ ವಿನಾಯಿತಿಯ ಮಿತಿ 3 ಲಕ್ಷವಿದ್ದುದು 2023ರಲ್ಲಿ 25 ಲಕ್ಷವಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಸಂಬಳ ತೆರಿಗೆಯ ಮಿತಿಯನ್ನು ಮುಟ್ಟುವುದೇ ಇಲ್ಲ. ಆದರೂ ಅವರು ತೆರಿಗೆಯಲ್ಲಿ ಹಣ ಕಳೆದುಕೊಳ್ಳುವ ಒಂದು ಜಾಗವುಂಟು. ಅದೇ ಭವಿಷ್ಯನಿಧಿ, ಅಂದರೆ ಪಿ.ಎಫ್.

ಲೆಕ್ಕಕ್ಕಾಗಿ ಒಬ್ಬ ಹುಡುಗನಿಗೆ ತಿಂಗಳಿಗೆ 26,000 ರೂಪಾಯಿ ಸಂಬಳವೆಂದು ಇಟ್ಟುಕೊಳ್ಳಿ. ಅದರಲ್ಲಿ ಮೂಲ ವೇತನವೂ ತುಟ್ಟಿಭತ್ಯೆಯೂ ಸೇರಿ 15,000. ಇದರ ಶೇಕಡ 12ರಂತೆ 1,800 ರೂಪಾಯಿ ಪಿ.ಎಫ್.ಗೆ ಹೋಗುತ್ತದೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದವರಿಗೆ ವೃತ್ತಿ ತೆರಿಗೆ 200 ರೂಪಾಯಿ. 2025ರ ತಿದ್ದುಪಡಿಯಂತೆ ಫೆಬ್ರವರಿಯಲ್ಲಿ ಮಾತ್ರ 300. ಕೈಗೆ 24,000 ಬರುತ್ತದೆ. ವರ್ಷದ ಸಂಬಳ 3,12,000 ಆದ್ದರಿಂದ ಆದಾಯ ತೆರಿಗೆ ಏನೂ ಇಲ್ಲ. ಮಾಲೀಕರೂ ತಮ್ಮ ಪಾಲಾಗಿ 1,800 ಕಟ್ಟುತ್ತಾರೆ. ಅದರಲ್ಲಿ 1,250 ಪಿಂಚಣಿ ನಿಧಿಗೆ, 550 ಪಿ.ಎಫ್.ಗೆ. ಹೀಗೆ ತಿಂಗಳಿಗೆ 2,350ರಂತೆ ಮೂರು ವರ್ಷಕ್ಕೆ, ಬಡ್ಡಿಯನ್ನು ಬಿಟ್ಟೇ, 84,600 ರೂಪಾಯಿ ಕೂಡುತ್ತದೆ. ಹನಿಗೂಡಿದರೆ ಹಳ್ಳ ಎಂಬುದು ಇದಕ್ಕೇ.

ಅಷ್ಟರಲ್ಲಿ ಹುಡುಗನು ಆ ಕೆಲಸ ಬಿಟ್ಟು ಬೇರೆ ಕಡೆ ಸೇರುತ್ತಾನೆ. ಊರಿನಲ್ಲಿ ಕೊಳವೆ ಬಾವಿ ಬತ್ತಿರುತ್ತದೆ. "ಹೇಗೂ ಪಿ.ಎಫ್. ಇದೆಯಲ್ಲ, ಬಿಡಿಸಿಕೊಂಡು ಬಾ" ಎಂದು ನಾವೇ ಹೇಳುತ್ತೇವೆ. ಇಲ್ಲಿಯೇ ನಷ್ಟ. ಐದು ವರ್ಷದ ಸತತ ಸೇವೆ ತುಂಬುವ ಮೊದಲು ಪಿ.ಎಫ್. ಬಿಡಿಸಿದರೆ ಅದಕ್ಕೆ ತೆರಿಗೆಯುಂಟು. ಮಾಲೀಕರ ಪಾಲು ಮತ್ತು ಅದರ ಬಡ್ಡಿಯನ್ನು ಸಂಬಳವೆಂದೂ, ತನ್ನ ಪಾಲಿನ ಬಡ್ಡಿಯನ್ನು ಇತರ ಆದಾಯವೆಂದೂ ಎಣಿಸುತ್ತಾರೆ. ಮೊತ್ತವು 50,000 ರೂಪಾಯಿ ಅಥವಾ ಹೆಚ್ಚಾಗಿದ್ದರೆ ಹಣ ಕೊಡುವಾಗಲೇ ಶೇಕಡ 10ನ್ನು ಮುರಿದುಕೊಳ್ಳುತ್ತಾರೆ. ಪ್ಯಾನ್ ಕೊಡದಿದ್ದರೆ ಶೇಕಡ 20. ನಮ್ಮ ಲೆಕ್ಕದಲ್ಲಿ ಅದು 8,460 ಅಥವಾ 16,920 ರೂಪಾಯಿ. ಇದು ಒಂದು ಹಂಗಾಮಿನ ಗೊಬ್ಬರದ ಖರ್ಚು.

ಐದು ವರ್ಷ ತುಂಬಿದ ಮೇಲೆ ಅದೇ ಹಣಕ್ಕೆ ಈ ತೆರಿಗೆಯಿಲ್ಲ. ಐದು ವರ್ಷವೂ ಒಂದೇ ಕಡೆ ಇರಬೇಕೆಂದೇನೂ ಇಲ್ಲ. ಹಳೆಯ ಖಾತೆಯನ್ನು ಹೊಸ ಮಾಲೀಕರ ಕಡೆಗೆ ವರ್ಗಾಯಿಸಿಕೊಂಡರೆ ಹಿಂದಿನ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಕಾಯಿಲೆಯಿಂದಲೋ, ಕಾರ್ಖಾನೆ ಮುಚ್ಚಿದ್ದರಿಂದಲೋ ಕೆಲಸ ಹೋದರೆ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ. ಪಿ.ಎಫ್. ಹಣಕ್ಕೆ 2024-25ರಲ್ಲಿ ಶೇಕಡ 8.25 ಬಡ್ಡಿ ಕೊಟ್ಟಿದ್ದಾರೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ನಡುವೆ ಪಿಂಚಣಿಯ ಹಣವನ್ನೂ ಬಿಡಿಸಿದರೆ ಆ ವರ್ಷಗಳು ಹೋದಂತೆಯೇ. ಬಿತ್ತನೆಗೆ ಇಟ್ಟ ಕಾಳನ್ನು ಬೇಸಿಗೆಯಲ್ಲಿ ತಿಂದವನು ಮಳೆ ಬಂದಾಗ ಏನು ಮಾಡಬೇಕು?

ಕಷ್ಟಕಾಲ ಎಲ್ಲರಿಗೂ ಬರುತ್ತದೆ, ನಿಜ. ಕಾಯಿಲೆ, ಮದುವೆ, ವಿದ್ಯಾಭ್ಯಾಸ, ಮನೆ ಕಟ್ಟುವುದು, ಇವಕ್ಕೆ ನಿಯಮಗಳಿಗೆ ಒಳಪಟ್ಟು ಖಾತೆ ಮುಚ್ಚದೆ ಒಂದು ಭಾಗವನ್ನು ತೆಗೆಯಲು ಅವಕಾಶವಿದೆ. ಪೂರ್ತಿ ಬಿಡಿಸುವ ಮೊದಲು ಇದನ್ನು ವಿಚಾರಿಸಿ. ಬಿಡಿಸಲೇಬೇಕಾದರೆ, ಆದಾಯವು ತೆರಿಗೆಯ ಮಟ್ಟಕ್ಕೆ ಇಲ್ಲವೆಂಬ ಘೋಷಣೆಯನ್ನು ಪ್ಯಾನ್ ಸಮೇತ ಮೊದಲೇ ಕೊಟ್ಟರೆ ಹಣ ಮುರಿಯುವುದಿಲ್ಲ. ಈಗಾಗಲೇ ಮುರಿದಿದ್ದರೆ, ಪ್ಯಾನ್ ಇರುವವರು ಆ ವರ್ಷದ ರಿಟರ್ನ್ ಸಲ್ಲಿಸಿ, ಬರಬೇಕಾದುದನ್ನು ವಾಪಸು ಪಡೆಯಬಹುದು. ಕೇಳದವರ ಖಾತೆಗೆ ಅದು ತಾನಾಗಿ ಬಾರದು.

ಆದ್ದರಿಂದ ಮುಂದಿನ ಹಬ್ಬಕ್ಕೆ ಮಕ್ಕಳು ಊರಿಗೆ ಬಂದಾಗ ಈ ನಾಲ್ಕು ಮಾತುಗಳನ್ನು ಕೇಳಿರಿ:

1. ಸಂಬಳದ ಚೀಟಿ ಎಲ್ಲಿ? ಯಾವ ಬಾಬಿಗೆ ಎಷ್ಟು ಹಿಡಿದಿದ್ದಾರೆ?

2. ಪ್ಯಾನ್, ಆಧಾರ್, ಪಿ.ಎಫ್. ಖಾತೆ, ಮೂರರಲ್ಲಿಯೂ ಹೆಸರು ಮತ್ತು ಜನ್ಮ ದಿನಾಂಕ ಒಂದೇ ಆಗಿವೆಯೇ?

3. ಹಿಂದಿನ ಕೆಲಸದ ಪಿ.ಎಫ್. ಅನ್ನು ಈಗಿನ ಕೆಲಸಕ್ಕೆ ವರ್ಗಾಯಿಸಿದ್ದೀಯಾ?

4. ಸಂಬಳದಲ್ಲಿ ಆದಾಯ ತೆರಿಗೆ ಮುರಿದಿದ್ದರೆ, ಅದರ ಪ್ರಮಾಣ ಪತ್ರವನ್ನು ಮಾಲೀಕರಿಂದ ತೆಗೆದುಕೊಂಡು, ಮುರಿದ ಹಣ ಸರ್ಕಾರದ ಲೆಕ್ಕಕ್ಕೆ ಸೇರಿದೆಯೇ ಎಂದು ಇಲಾಖೆಯ ತಾಣದಲ್ಲಿ ನೋಡಿದ್ದೀಯಾ? 2025-26ನೇ ವರ್ಷದ ಸಂಬಳಕ್ಕೆ ಈ ಪತ್ರದ ಹೆಸರು ಫಾರಂ 16.

1961ರ ಆದಾಯ ತೆರಿಗೆ ಕಾಯಿದೆಯ ಬದಲಿಗೆ ಬಂದ 2025ರ ಹೊಸ ಕಾಯಿದೆಗೆ ಜಾರಿಯ ದಿನಾಂಕ 2026ರ ಏಪ್ರಿಲ್ 1. ಇದರಿಂದ ಕಲಂಗಳ ಸಂಖ್ಯೆ, ಫಾರಂಗಳ ಹೆಸರು ಬದಲಾಗುತ್ತವೆ. ಹೆಸರು ಏನೇ ಆಗಲಿ, ಚೀಟಿಯನ್ನು ಓದುವ ಅಭ್ಯಾಸವೊಂದಿದ್ದರೆ ಯಾವ ಕಾಯಿದೆಗೂ ಅಂಜಬೇಕಾಗಿಲ್ಲ.

ಕಾರ್ಖಾನೆಯಲ್ಲಿ ನಿಂತು ದುಡಿದ ಹಣವೂ ಬೆವರಿನ ಬೆಳೆಯೇ. ಕಣದಿಂದ ಮನೆಗೆ ಬರುವ ದಾರಿಯಲ್ಲಿ ಚೀಲ ಸೋರದಂತೆ ನೋಡಿಕೊಳ್ಳುವವರು ನೀವು. ಈ ಚೀಲವನ್ನೂ ಹಾಗೆಯೇ ನೋಡಿಕೊಳ್ಳಬೇಕೆಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.